ಗಡ್ಡದ ಕಸಿಯಾಗಿ ಏಳು ವಾರ, ಕೆನ್ನೆ ಇನ್ನೂ ಕೆಂಪು

ಈ ಸಲದ ಅಂಚೆಯಲ್ಲಿ ಮೊಡವೆ, ಬಂಗಿನ ಪತ್ರಗಳನ್ನು ಬದಿಗಿಟ್ಟು ಗಡ್ಡದ ಕಸಿಯ ಪತ್ರಗಳನ್ನೇ ಎತ್ತಿಕೊಂಡಿದ್ದೇನೆ. ಮೊದಲೆಲ್ಲ ಇಂಥ ಪತ್ರ ಬರುತ್ತಲೇ ಇರಲಿಲ್ಲ. ಈಗ ಬರುತ್ತವೆ, ಹೆಚ್ಚಿನವು ಹೆಸರಿಲ್ಲದೆ. ಬೋಳುತಲೆಗೆ ಕಸಿ ಮಾಡಿಸಿಕೊಂಡೆ ಅಂತ ಹೇಳಿಕೊಳ್ಳುವವರೂ ಗಡ್ಡದ ವಿಷಯಕ್ಕೆ ಬಂದರೆ ಯಾಕೋ ಸಂಕೋಚಪಡುತ್ತಾರೆ.

ಪ್ರಶ್ನೆ: ಮೇಡಂ, ನನಗೆ 29 ವರ್ಷ. ದಾವಣಗೆರೆಯಲ್ಲಿ ನಮ್ಮದೇ ಬಟ್ಟೆ ಅಂಗಡಿ ಇದೆ. ಹರೆಯ ಬಂದಾಗಿನಿಂದ ನನಗೆ ಗಡ್ಡ ಸರಿಯಾಗಿ ಬರಲಿಲ್ಲ. ಗದ್ದದ ಮೇಲೆ ನಾಲ್ಕು ಕೂದಲು, ಕೆನ್ನೆ ಪೂರ್ತಿ ಬೋಳು. ಬೆಂಗಳೂರಿಗೆ ಹೋಗಿ ಕಸಿ ಮಾಡಿಸಿಕೊಂಡೆ. ತಲೆಯ ಹಿಂಭಾಗದಿಂದ 2,200 ಗ್ರಾಫ್ಟ್, ಅಂದರೆ ಬೇರು ಸಮೇತ ಕೂದಲು, ತೆಗೆದು ಮುಖಕ್ಕೆ ನೆಟ್ಟರು. ಹಕ್ಕಳೆ ಎಲ್ಲ ಹತ್ತು ದಿನದಲ್ಲಿ ಉದುರಿತು. ಆದರೆ ಏಳು ವಾರವಾದರೂ ಕಿವಿಯ ಕೆಳಗಿನಿಂದ ದವಡೆಯವರೆಗೆ ಎರಡೂ ಕಡೆ ಕೆಂಪಗೇ ಇದೆ. ಸ್ನಾನ ಮಾಡಿದ ಮೇಲೆ, ಬಿಸಿಲಿನಿಂದ ಬಂದ ಮೇಲೆ ಇನ್ನೂ ಜಾಸ್ತಿ. ನೋವಿಲ್ಲ, ಸ್ವಲ್ಪ ನವೆ ಇದೆ. ಕ್ಲಿನಿಕ್ಕಿಗೆ ಫೋನ್ ಮಾಡಿದರೆ ‘ಹೋಗುತ್ತೆ ಬಿಡಿ ಸರ್’ ಅನ್ನುತ್ತಾರೆ. ಮೆಡಿಕಲ್ ಶಾಪಿನವರು ಕೊಟ್ಟ ಮುಲಾಮು ಐದು ದಿನ ಹಚ್ಚಿದೆ. ಕೆಂಪು ಮಾಯವಾಯಿತು. ಬಿಟ್ಟ ಮೇಲೆ ಮೊದಲಿಗಿಂತ ಹೆಚ್ಚಾಗಿ ಬಂತು. ಅಮ್ಮ ಅರಿಶಿನಕ್ಕೆ ನಿಂಬೆರಸ ಹಿಂಡಿ ಹಚ್ಚು ಅಂತಾರೆ. ಅಜ್ಜಿ ನಂಜಾಗುತ್ತೆ ಅಂತ ಬದನೆಕಾಯಿ, ಮೊಟ್ಟೆ ಬಿಡಿಸಿದ್ದಾರೆ. ಇನ್ನು ಎರಡು ತಿಂಗಳಿಗೆ ಮದುವೆ. ಗಿರಾಕಿಗಳು ‘ಏನ್ರೀ, ಎಣ್ಣೆ ಸಿಡಿತಾ?’ ಅಂತ ಕೇಳುತ್ತಾರೆ. ಸಾಲದ್ದಕ್ಕೆ ಹಾಕಿದ ಕೂದಲೂ ಉದುರಿಹೋಗಿದೆ. ದುಡ್ಡೆಲ್ಲ ನೀರಿಗೆ ಹೋಯಿತಾ?
— ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಆ ಟ್ಯೂಬನ್ನು ಎತ್ತಿಡಿ. ಉಳಿದದ್ದು ಆಮೇಲೆ.

ನೀವು ಅದರ ಹೆಸರನ್ನು ಪತ್ರದ ಕೊನೆಯಲ್ಲಿ ಬರೆದು ಒಳ್ಳೆಯದು ಮಾಡಿದಿರಿ. ಹೆಸರನ್ನು ಇಲ್ಲಿ ಅಚ್ಚು ಹಾಕುವುದಿಲ್ಲ, ಒಳಗೇನಿದೆ ಎಂದು ಮಾತ್ರ ಹೇಳುತ್ತೇನೆ. ಒಂದು ಸ್ಟಿರಾಯ್ಡ್, ಒಂದು ಹುಳುಕಡ್ಡಿಯ ಔಷಧ, ಒಂದು ಆ್ಯಂಟಿಬಯಾಟಿಕ್. ಮೂರೂ ಒಂದೇ ಟ್ಯೂಬಿನಲ್ಲಿ. ಅದರಲ್ಲಿರುವ ಕ್ಲೊಬೆಟಾಸಾಲ್ ಸ್ಟಿರಾಯ್ಡ್ ಮುಲಾಮುಗಳಲ್ಲೇ ತೀರ ಬಲವಾದದ್ದು. ಅದು ರಕ್ತನಾಳಗಳನ್ನು ಬಿಗಿಯುತ್ತದೆ, ಹಾಗಾಗಿ ಎರಡೇ ದಿನದಲ್ಲಿ ಕೆಂಪು ಇಳಿಯುತ್ತದೆ. ಬಿಟ್ಟ ಕೂಡಲೇ ನಾಳಗಳು ಮತ್ತೆ ಹಿಗ್ಗುತ್ತವೆ, ಮೊದಲಿಗಿಂತ ಜೋರಾಗಿ. ಮತ್ತೆ ಹಚ್ಚುತ್ತೀರಿ, ಮತ್ತೆ ಇಳಿಯುತ್ತದೆ. ಹೀಗೇ ತಿಂಗಳುಗಟ್ಟಲೆ ನಡೆದರೆ ಚರ್ಮ ತೆಳ್ಳಗಾಗಿ, ಕೆಂಪು ಎಳೆಗಳಂಥ ನಾಳಗಳು ಮೇಲೆದ್ದು, ಮೊಡವೆ ತುಂಬಿ, ಮುಲಾಮು ಇಲ್ಲದಿದ್ದರೆ ಮುಖ ಉರಿಯುವ ಸ್ಥಿತಿಗೆ ಬರುತ್ತದೆ. ನನ್ನ ಒಪಿಡಿಯಲ್ಲಿ ಕಸಿಯ ಕೆಂಪಿನಿಂದ ಕೆಟ್ಟ ಮುಖಕ್ಕಿಂತ ಇಂಥ ಟ್ಯೂಬಿನಿಂದ ಕೆಟ್ಟ ಮುಖಗಳೇ ಹೆಚ್ಚು. 2018ರಲ್ಲೇ ಕೇಂದ್ರ ಸರ್ಕಾರ ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿ, ವೈದ್ಯರ ಚೀಟಿ ಇಲ್ಲದೆ ಮಾರಕೂಡದು ಎಂದಿದೆ. ಪಟ್ಟಿ ಕಡತದಲ್ಲಿದೆ, ಟ್ಯೂಬ್ ಕೌಂಟರಿನಲ್ಲಿದೆ.

ನೀವು ಹಚ್ಚಿದ್ದು ಐದೇ ದಿನ, ಅಷ್ಟಕ್ಕೆ ಹೆದರಬೇಕಿಲ್ಲ. ಒಂದೆರಡು ವಾರ ಕೆಂಪು ಏರಿಳಿದು ತಾನಾಗಿ ತಣಿಯುತ್ತದೆ. ತಿಂಗಳುಗಟ್ಟಲೆ ಹಚ್ಚಿದವರು ಮಾತ್ರ ಒಮ್ಮೆಲೇ ಬಿಡದೆ ಟ್ಯೂಬಿನ ಸಮೇತ ಚರ್ಮವೈದ್ಯರ ಹತ್ತಿರ ಹೋಗಿ. ಇನ್ನೊಂದು ಮಾತು: ಕಸಿ ಮಾಡಿದ ವೈದ್ಯರೇ ಬಾವು ಇಳಿಯಲು ಮೂರ್ನಾಲ್ಕು ದಿನದ ಸ್ಟಿರಾಯ್ಡ್ ಮಾತ್ರೆ ಕೊಡುವುದುಂಟು, ಕೆಲವೊಮ್ಮೆ ಇಷ್ಟೇ ದಿನ ಎಂದು ಲೆಕ್ಕ ಹಾಕಿ ಸೌಮ್ಯವಾದ ಮುಲಾಮನ್ನೂ ಬರೆಯುವುದುಂಟು. ಅದನ್ನೂ ಇದನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಈಗ ಕೆಂಪಿನ ವಿಷಯ. 2,200 ಗ್ರಾಫ್ಟ್ ಅಂದರೆ ಮುಖದ ಮೇಲೆ 2,200 ಸಣ್ಣ ಗಾಯ. ಗಡ್ಡದ ಕೂದಲು ತಲೆಗೂದಲಿನಂತೆ ಎದ್ದು ನಿಲ್ಲುವುದಿಲ್ಲ, ಕೆನ್ನೆಗೆ ಅಂಟಿಕೊಂಡಂತೆ ಮಲಗಿರುತ್ತದೆ. ಕಸಿಯಲ್ಲೂ ಅದೇ ಓರೆ ಬರಬೇಕಾದರೆ ಸೀಳನ್ನು ಚರ್ಮಕ್ಕೆ ಬಹುತೇಕ ಸಮಾನಾಂತರವಾಗಿ ಹಾಕಬೇಕು. ಮೇಲೆ ಒಂದು ಮಿಲಿಮೀಟರಿನಷ್ಟೇ ಕಾಣುವ ಗಾಯ ಒಳಗೆ ಅದಕ್ಕಿಂತ ಉದ್ದ ಇರುತ್ತದೆ. ಅದು ಮಾಯುವಾಗ, ನೆಟ್ಟ ಬೇರಿಗೆ ರಕ್ತ ಒದಗಿಸಲು ಸುತ್ತಲೂ ಹೊಸ ಸೂಕ್ಷ್ಮ ರಕ್ತನಾಳಗಳು ಹುಟ್ಟುತ್ತವೆ. ಆ ಕೆಲಸ ಮುಗಿದ ಮೇಲೆ ಅವು ನಿಧಾನವಾಗಿ ಹಿಂದೆ ಸರಿಯುತ್ತವೆ. ನೀವು ಕನ್ನಡಿಯಲ್ಲಿ ನೋಡುತ್ತಿರುವುದು ಆ ನಾಳಗಳನ್ನು. ಮುಖಕ್ಕೆ ಮೊದಲೇ ರಕ್ತದ ಹರಿವು ಜಾಸ್ತಿ, ನಾಚಿದರೂ ಸಿಟ್ಟು ಬಂದರೂ ಕೆನ್ನೆಯೇ ಕೆಂಪಾಗುವುದು. ಬಿಸಿನೀರಿನ ಸ್ನಾನ, ಬಿಸಿಲು, ಮದ್ಯ, ಖಾರದ ಊಟದ ನಂತರ ಕೆಂಪು ಏರುವುದೂ ಇದೇ ಕಾರಣಕ್ಕೆ. ಅದು ಸೋಂಕಿನ ಲಕ್ಷಣವಲ್ಲ, ಅರ್ಧ ಗಂಟೆ ಒಂದು ಗಂಟೆಯಲ್ಲಿ ಇಳಿಯುತ್ತದೆ.

ಎಷ್ಟು ದಿನ ಅಂತೀರಾ? ಬಹಳ ಜನರಿಗೆ ಎರಡು ವಾರದಲ್ಲಿ ಹೆಚ್ಚಿನ ಕೆಂಪು ಹೋಗಿರುತ್ತದೆ. ಕೆಲವರಿಗೆ ಎರಡು ಮೂರು ತಿಂಗಳು, ತೆಳು ಬಿಳಿ ಚರ್ಮದವರಿಗೆ ಮತ್ತು ಸುಮ್ಮನೆ ಕೂತರೂ ಕೆನ್ನೆ ಕೆಂಪೇರುವ ಸ್ವಭಾವದವರಿಗೆ ಅದಕ್ಕೂ ಹೆಚ್ಚು. ನೀವು ಕಳಿಸಿದ ಫೋಟೊ ನೋಡಿದರೆ ಏಳು ವಾರಕ್ಕೆ ಇಷ್ಟು ಉಳಿದಿರುವುದು ಲೆಕ್ಕ ತಪ್ಪಿದ್ದೇನಲ್ಲ. ಆದರೂ ಫೋಟೊ ಒಂದನ್ನೇ ನಂಬಿ ನಾನು ತೀರ್ಪು ಕೊಡುವವಳಲ್ಲ. ಮನೆಯಲ್ಲೇ ಎರಡು ಪರೀಕ್ಷೆ ಮಾಡಿ.

ಪಾರದರ್ಶಕವಾದ ಗಾಜಿನ ಲೋಟ ತಗೊಳ್ಳಿ, ಹೂವು ಬಳ್ಳಿ ಇಲ್ಲದ್ದು. ಬೆಳಗ್ಗೆ ಕಿಟಕಿಯ ಹತ್ತಿರ ನಿಂತು ಅದರ ಪಕ್ಕದ ಭಾಗವನ್ನು ಕೆನ್ನೆಗೆ ಮೆಲ್ಲಗೆ ಒತ್ತಿ, ತಮ್ಮನೋ ತಂಗಿಯೋ ಗಾಜಿನ ಮೂಲಕ ನೋಡಲಿ. ಒತ್ತಿದ ಜಾಗದಲ್ಲಿ ಕೆಂಪು ಮಾಯವಾಗಿ ಮೈಬಣ್ಣ ಕಂಡು, ಲೋಟ ತೆಗೆದ ಕ್ಷಣ ಕೆಂಪು ಮರಳಿದರೆ ಅದು ರಕ್ತನಾಳದ ಕೆಂಪು, ಕಾಲವೇ ಔಷಧ. ಒತ್ತಿದರೂ ಕಂದು ಬಣ್ಣ ಹಾಗೇ ಉಳಿದರೆ ಅದು ಗಾಯ ಬಿಟ್ಟುಹೋದ ಬಣ್ಣ, ಅದರ ದಾರಿ ಬೇರೆ. ಕೆಳಗೆ ಕಲಬುರಗಿಯವರಿಗೆ ಅದನ್ನೇ ಬರೆದಿದ್ದೇನೆ. ಎಣ್ಣೆಗೆಂಪು ಬಣ್ಣದವರಲ್ಲಿ ಎರಡೂ ಬೆರೆತಿರುವುದು ಸಾಮಾನ್ಯ.

ಎರಡನೆಯದು, ಕಣ್ಣು ಮುಚ್ಚಿ ಬೆರಳಾಡಿಸಿ. ಚಪ್ಪಟೆಯಾಗಿದ್ದರೆ ಸರಿ. ಗಟ್ಟಿಯಾಗಿ ಉಬ್ಬಿ, ನವೆ ಇದ್ದು, ವಾರದಿಂದ ವಾರಕ್ಕೆ ದೊಡ್ಡದಾಗುತ್ತಿದ್ದರೆ ಕೀಲಾಯ್ಡ್, ಅಂದರೆ ಮಿತಿಮೀರಿ ಬೆಳೆಯುವ ಗಾಯದ ಕಲೆ, ಆಗಿರಬಹುದು. ದವಡೆಯ ಸಾಲು ಅದಕ್ಕೆ ಇಷ್ಟವಾದ ಜಾಗ. ಹಿಂದೆ ಕಿವಿ ಚುಚ್ಚಿಸಿದಾಗಲೋ ಇಂಜೆಕ್ಷನ್ ಮಾಡಿಸಿದಾಗಲೋ ಗಂಟು ಕಟ್ಟಿದ್ದವರು ತಡಮಾಡದೆ ತೋರಿಸಬೇಕು. ಸಣ್ಣ ಸಣ್ಣ ಕೆಂಪು ಗುಳ್ಳೆ, ತುದಿಯಲ್ಲಿ ಬಿಳಿ ಕೀವು ಇದ್ದರೆ ಕೂದಲ ಬುಡದ ಉರಿಯೂತ. ಹೊಸ ಕೂದಲು ಹೊರಗೆ ಬರುವ ಎರಡರಿಂದ ನಾಲ್ಕನೇ ತಿಂಗಳಲ್ಲಿ ಇದು ಕಾಣಿಸುವುದು ಹೆಚ್ಚು, ಅಂದರೆ ಸರಿಯಾಗಿ ನಿಮ್ಮ ಮದುವೆಯ ಹೊತ್ತಿಗೆ. ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹತ್ತು ನಿಮಿಷ ಇಟ್ಟುಕೊಳ್ಳಿ, ಸಾಮಾನ್ಯವಾಗಿ ಸಾಕಾಗುತ್ತದೆ. ಹಿಸುಕಬೇಡಿ. ಪಿನ್ನಿನಿಂದ ಕೂದಲು ಕೆದಕಿ ತೆಗೆಯುವ ಸಾಹಸವೂ ಬೇಡ.

ಇಷ್ಟು ದಿನದ ಮೇಲೂ ನವೆ ಇದೆ ಅಂದಿರಲ್ಲ, ಅಲ್ಲಿ ನನಗೆ ಒಂದು ಅನುಮಾನ. ಕಸಿಯ ಜೊತೆ ಕೂದಲು ಬೆಳೆಯಲು ಹಚ್ಚುವ ಮಿನಾಕ್ಸಿಡಿಲ್ ದ್ರಾವಣವನ್ನೂ ಕೊಟ್ಟಿದ್ದಾರಾ? ಅದರಲ್ಲಿರುವ ಪ್ರೊಪೈಲೀನ್ ಗ್ಲೈಕಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಹಚ್ಚಿದಲ್ಲೆಲ್ಲ ಕೆಂಪು, ನವೆ, ಹೊಟ್ಟಿನಂಥ ಪದರ. ಕಸಿ ಮಾಡಿದವರನ್ನು ಕೇಳಿಕೊಂಡು ಎರಡು ವಾರ ನಿಲ್ಲಿಸಿ ನೋಡಿ. ಸುಗಂಧ ಇರುವ ಫೇಸ್‌ವಾಶ್, ಆಫ್ಟರ್‌ಶೇವ್, ಪಟಿಕದ ಕಲ್ಲು ಎಲ್ಲವನ್ನೂ ಸದ್ಯಕ್ಕೆ ಕೆನ್ನೆಯಿಂದ ದೂರವಿಡಿ. ಮೂಗಿನ ಪಕ್ಕ, ಹುಬ್ಬಿನಲ್ಲೂ ಹೊಟ್ಟು ಇದ್ದರೆ ಅದು ಕಸಿಗೆ ಸಂಬಂಧವೇ ಇಲ್ಲದ ಸೆಬೊರಿಕ್ ಡರ್ಮಟೈಟಿಸ್ ಎಂಬ ಹೊಟ್ಟಿನ ಚರ್ಮರೋಗ, ಅದಕ್ಕೆ ಕೀಟೊಕೊನಜೋಲ್ ಶಾಂಪೂ ಇದೆ.

ನೀವು ಬರೆಯದೆ ಬಿಟ್ಟದ್ದು, ನಾನು ಎಲ್ಲರನ್ನೂ ಕೇಳುವುದು: ಹೆಲ್ಮೆಟ್. ಅಂಗಡಿಗೂ ಮನೆಗೂ ಸ್ಕೂಟರಿನಲ್ಲಿ ಓಡಾಡುತ್ತೀರಿ ಎಂದೇ ಇಟ್ಟುಕೊಳ್ಳೋಣ. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ಟಿನ ಒಳದಿಂಬು ನಿಮ್ಮ ಕೆಂಪು ಇರುವ ಜಾಗಕ್ಕೇ ಒತ್ತುತ್ತದೆ, ಗದ್ದದ ಪಟ್ಟಿ ದವಡೆಗೆ ಉಜ್ಜುತ್ತದೆ, ಬೆವರು ಬೇರೆ. ಹೆಲ್ಮೆಟ್ ಬಿಡಿ ಅಂತ ಖಂಡಿತ ಹೇಳುತ್ತಿಲ್ಲ. ಒಳದಿಂಬು ಬಿಚ್ಚಿ ತೊಳೆಯಿರಿ, ಗದ್ದದ ಪಟ್ಟಿಗೆ ಮೆತ್ತನೆಯ ಹತ್ತಿಬಟ್ಟೆ ಸುತ್ತಿ, ಸಾಧ್ಯವಾದರೆ ಕೆಲವು ವಾರ ಬೇರೆಯವರ ಕಾರಿನಲ್ಲಿ ಹೋಗಿ.

ಅಮ್ಮನ ಮದ್ದಿನ ವಿಷಯಕ್ಕೆ ಬರೋಣ. ನಿಂಬೆರಸ ಬೇಡವೇ ಬೇಡ. ನಿಂಬೆರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಎದ್ದು, ಆಮೇಲೆ ತಿಂಗಳುಗಟ್ಟಲೆ ಹೋಗದ ಕಪ್ಪು ಕಲೆ ಉಳಿಯುತ್ತದೆ. ಆಗ ಗಿರಾಕಿಗಳ ಪ್ರಶ್ನೆ ನಿಜವೇ ಆಗಿಬಿಡುತ್ತದೆ. ಅರಿಶಿನ ಅಷ್ಟು ಕೆಟ್ಟದ್ದಲ್ಲ, ಆದರೂ ಅದಕ್ಕೆ ಅಲರ್ಜಿ ಇರುವವರಿದ್ದಾರೆ. ಹಿತ್ತಲಿನ ಲೋಳೆಸರವನ್ನು ಸಿಗಿದು ಹಾಗೇ ಮೆತ್ತುವುದೂ ಬೇಡ, ಸಿಪ್ಪೆಯ ಕೆಳಗಿನ ಹಳದಿ ರಸ ಉರಿ ತರಿಸುತ್ತದೆ. ಅಜ್ಜಿಗೆ ನನ್ನ ನಮಸ್ಕಾರ ಹೇಳಿ, ಮೊಟ್ಟೆ ತಿನ್ನಲು ಶುರುಮಾಡಿ. ಗಾಯ ಮಾಯಲಿಕ್ಕೂ ಕೂದಲು ಬೆಳೆಯಲಿಕ್ಕೂ ಪ್ರೋಟೀನ್ ಬೇಕು. ಬದನೆಕಾಯಿ ತಿಂದರೆ ನಿಮಗೆ ಯಾವತ್ತೂ ಬಾಯಿ ತುರಿಸಿಲ್ಲ ಅಂದರೆ ಎಣ್ಣೆಗಾಯಿಯನ್ನೂ ತಿನ್ನಿ. ನಂಜು ಅಂತ ಏನನ್ನಾದರೂ ಬಿಡಲೇಬೇಕಿದ್ದರೆ ಸಿಗರೇಟು ಬಿಡಿ, ನಿಕೋಟಿನ್ ರಕ್ತನಾಳವನ್ನು ಬಿಗಿದು ಮಾಯುವುದನ್ನು ತಡಮಾಡುತ್ತದೆ.

ಕೂದಲು ಉದುರಿದ್ದಕ್ಕೆ ಗಾಬರಿ ಬೇಡ. ಎರಡನೇ ವಾರದಿಂದ ಆರನೇ ವಾರದೊಳಗೆ ನೆಟ್ಟ ಕೂದಲಿನ ಕಡ್ಡಿ ಉದುರುವುದು ಬಹುತೇಕ ಎಲ್ಲರಿಗೂ ಆಗುವಂಥದ್ದು. ಬೇರು ಒಳಗೇ ಇರುತ್ತದೆ. ಮೂರ್ನಾಲ್ಕನೇ ತಿಂಗಳಿಗೆ ಮೊಳೆಯಲು ಶುರುವಾಗಿ, ಪೂರ್ತಿ ರೂಪ ಬರಲು ಒಂಬತ್ತು ತಿಂಗಳಿಂದ ಒಂದು ವರ್ಷ.

ಈ ಲೆಕ್ಕವನ್ನು ನಿಮಗೆ ಕ್ಲಿನಿಕ್ಕಿನಲ್ಲಿ ಯಾರಾದರೂ ಹೇಳಿದ್ದರೋ ಇಲ್ಲವೋ, ನಾನು ನೇರವಾಗಿ ಹೇಳಿಬಿಡುತ್ತೇನೆ. ಮದುವೆಯ ದಿನ ನಿಮಗೆ ತುಂಬು ಗಡ್ಡ ಇರುವುದಿಲ್ಲ. ಆ ಹೊತ್ತಿಗೆ ಹದಿನೈದು ವಾರ ಕಳೆದಿರುತ್ತದೆ. ಅಲ್ಲೊಂದು ಇಲ್ಲೊಂದು ಎಳೆಗೂದಲು ಬಂದಿರುತ್ತದೆ, ಅಷ್ಟೆ. ಅದನ್ನೇ ಗಡ್ಡ ಅಂತ ಬಿಟ್ಟುಕೊಂಡರೆ ಆಲ್ಬಮ್ಮಿನಲ್ಲಿ ಚೆನ್ನಾಗಿ ಕಾಣುವುದಿಲ್ಲ. ಟ್ರಿಮ್ಮರಿನಲ್ಲಿ ಸಣ್ಣಗೆ ಮಾಡಿಕೊಳ್ಳಿ, ಇಲ್ಲವೇ ನುಣ್ಣಗೆ ಬೋಳಿಸಿಕೊಳ್ಳಿ. ಒಂದು ತಿಂಗಳು ದಾಟಿ ಗುಳ್ಳೆ, ಗಾಯ ಏನೂ ಇಲ್ಲದಿದ್ದರೆ ಬ್ಲೇಡು ತಾಗಿಸಬಹುದು. ಹೊಸ ಬ್ಲೇಡು, ಕೂದಲು ಮಲಗಿರುವ ದಿಕ್ಕಿಗೇ, ಒಂದೇ ಸಲ. ಎದುರು ದಿಕ್ಕಿಗೆ ಎರಡನೇ ಕೈ ಹಾಕಲು ಬಿಡಬೇಡಿ. ಫೋಟೊಗೆ ಕೆಂಪು ಅಡ್ಡಿಯೆನಿಸಿದರೆ ಹಸಿರು ಛಾಯೆಯ ಕನ್ಸೀಲರ್ ತೆಳ್ಳಗೆ ಹಚ್ಚಿ ಮೇಲೆ ಮೈಬಣ್ಣದ್ದು ಹಚ್ಚಿದರೆ ಮುಚ್ಚಿಹೋಗುತ್ತದೆ, ಮೇಕಪ್ಪಿನವರಿಗೆ ಗೊತ್ತಿರುತ್ತದೆ. ಒಂದು ವಾರ ಮೊದಲೇ ಕಿವಿಯ ಹಿಂದೆ ಚೂರು ಹಚ್ಚಿ ಪರೀಕ್ಷಿಸಿಕೊಳ್ಳಿ.

ಅರಿಶಿನ ಶಾಸ್ತ್ರದ ದಿನ ಕೈಕಾಲಿಗೆ ಎಷ್ಟು ಬೇಕಾದರೂ ಹಚ್ಚಿಸಿಕೊಳ್ಳಿ. ಕೆನ್ನೆಗೆ ಹಿರಿಯರು ಶಾಸ್ತ್ರಕ್ಕೆ ಬೆರಳು ತಾಗಿಸಿದರೆ ಸಾಕು, ಕೂಡಲೇ ತೊಳೆದುಕೊಳ್ಳಿ. ತೊಂದರೆ ಬರುವುದು ಗೆಳೆಯರಿಂದ, ಅವರು ಬೊಗಸೆ ತುಂಬ ತಂದು ಮುಖಕ್ಕೆ ಉಜ್ಜುತ್ತಾರೆ. ಒಬ್ಬನಿಗೆ ಮೊದಲೇ ಗುಟ್ಟು ಹೇಳಿ ಕಾವಲಿಗೆ ನಿಲ್ಲಿಸಿ.

ಅಲ್ಲಿಯವರೆಗೆ ವಾರಕ್ಕೊಂದು ಫೋಟೊ ತೆಗೆಯಿರಿ. ಅದೇ ಕಿಟಕಿ, ಅದೇ ಹೊತ್ತು, ಫೋನಿನ ಬ್ಯೂಟಿ ಮೋಡ್ ಆಫ್ ಮಾಡಿ. ದಿನಾ ಕನ್ನಡಿ ನೋಡುವವರಿಗೆ ಇಳಿಕೆ ಗೊತ್ತಾಗುವುದಿಲ್ಲ. ನಾಲ್ಕು ಫೋಟೊ ಪಕ್ಕಪಕ್ಕ ಇಟ್ಟಾಗಲೂ ಕೆಂಪು ಇಳಿಯದೆ ನಿಂತಲ್ಲೇ ನಿಂತಿದ್ದರೆ ಚರ್ಮವೈದ್ಯರ ಹತ್ತಿರ ಹೋಗಿ. ಅಜೆಲಾಯಿಕ್ ಆ್ಯಸಿಡ್‌ನಂಥ ಮುಲಾಮು ಇದೆ, ಆರು ತಿಂಗಳು ದಾಟಿದರೂ ಉಳಿಯುವ ಕೆಂಪಿಗೆ ರಕ್ತನಾಳದ ಲೇಸರ್ ಇದೆ. ನಿಮಗೆ ಅಷ್ಟು ದೂರ ಹೋಗಬೇಕಾದೀತು ಅಂತ ನನಗೆ ಅನ್ನಿಸುವುದಿಲ್ಲ.

ಪ್ರಶ್ನೆ: ನನ್ನದು ಕಪ್ಪು ಮೈಬಣ್ಣ. ಗಡ್ಡದ ಕಸಿಯಾಗಿ ನಾಲ್ಕು ತಿಂಗಳು. ಕೆಂಪು ಅಷ್ಟಾಗಿ ಕಾಣಲೇ ಇಲ್ಲ, ಬದಲಿಗೆ ಕಸಿ ಮಾಡಿದಲ್ಲೆಲ್ಲ ಕಾಳುಮೆಣಸಿನ ಪುಡಿ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ರಸ್ತೆ ಕಾಮಗಾರಿಯ ಸರ್ವೆ ಕೆಲಸ, ದಿನವಿಡೀ ಬಿಸಿಲಲ್ಲೇ.
— ಒಬ್ಬ ಓದುಗ, ಕಲಬುರಗಿ

ಉತ್ತರ: ನಿಮ್ಮ ಬಣ್ಣದ ಚರ್ಮದಲ್ಲಿ ಉರಿಯೂತ ಕೆಂಪಾಗಿ ಕಾಣುವುದು ಕಡಿಮೆ, ಕಂದು ಅಥವಾ ನೇರಳೆ ಛಾಯೆಯಲ್ಲಿ ಕಾಣುತ್ತದೆ. ಅದು ತಣಿಯುವಾಗ ಬಣ್ಣದ ಕಣಗಳನ್ನು ಬಿಟ್ಟುಹೋಗುತ್ತದೆ. ಕಾಲ ಕಳೆದಂತೆ ಮಾಸುತ್ತದೆ, ಆದರೆ ವಾರಗಳ ಲೆಕ್ಕದಲ್ಲಲ್ಲ, ತಿಂಗಳುಗಳ ಲೆಕ್ಕದಲ್ಲಿ. ಕಲಬುರಗಿಯ ಬಿಸಿಲು ಅದನ್ನು ಮತ್ತೆ ಮತ್ತೆ ಗಾಢ ಮಾಡುತ್ತಿದೆ, ನಿಮ್ಮ ಶತ್ರು ಅದೊಂದೇ.

ಎಸ್‌ಪಿಎಫ್ 30 ಅಥವಾ ಮೇಲಿನ ಸನ್‌ಸ್ಕ್ರೀನ್ ಬೇಕು, ಸಾಧ್ಯವಾದರೆ ಐರನ್ ಆಕ್ಸೈಡ್ ಇರುವ, ಕಂದು ಛಾಯೆಯದ್ದು. ಕಣ್ಣಿಗೆ ಕಾಣುವ ಬೆಳಕೂ ಕಲೆಯನ್ನು ಗಾಢ ಮಾಡುತ್ತದೆ, ಅದನ್ನು ತಡೆಯುವುದು ಇಂಥದ್ದೇ. ಬಿಳಿ ಬಳಿದಂತೆ ಕಾಣುವ ಮುಜುಗರವೂ ಇಲ್ಲ. ಮುಖ ಕುತ್ತಿಗೆಗೆ ಎರಡು ಬೆರಳುದ್ದ ಹಿಂಡಿ. ಕಡಲೆಕಾಳಿನಷ್ಟು ಹಚ್ಚಿ ಕೆಲಸ ಮಾಡಲಿಲ್ಲ ಅನ್ನುವವರೇ ಹೆಚ್ಚು. ಬಿಸಿಲಲ್ಲಿರುವ ತನಕ ಎರಡು ಗಂಟೆಗೊಮ್ಮೆ ಮತ್ತೆ. ನಿಮ್ಮ ಕಡೆಯವರು ತಲೆಗೂ ಮುಖಕ್ಕೂ ಸುತ್ತಿಕೊಳ್ಳುವ ಬಿಳಿ ಟವೆಲ್ ಇದೆಯಲ್ಲ, ಅದೂ ಸನ್‌ಸ್ಕ್ರೀನಿನ ಜೊತೆಗೆ ಒಳ್ಳೆಯ ಆಸರೆ. ಸಡಿಲವಾಗಿ ಸುತ್ತಿ, ದಿನಾ ಒಗೆಯಿರಿ. ಬಿಳಿಮಾಡುವ ಕ್ರೀಮು ಕೊಳ್ಳಲು ಹೋಗಬೇಡಿ. ಎರಡು ಮೂರು ತಿಂಗಳ ನಂತರವೂ ಹಾಗೇ ಇದ್ದರೆ ಚರ್ಮವೈದ್ಯರು ಅಜೆಲಾಯಿಕ್ ಆ್ಯಸಿಡ್ ಅಥವಾ ಸ್ವಲ್ಪ ಕಾಲದ ಮಟ್ಟಿಗೆ ಕಲೆ ತಿಳಿಮಾಡುವ ಹೈಡ್ರೊಕ್ವಿನೋನ್ ಬರೆದುಕೊಡುತ್ತಾರೆ.

ಪ್ರಶ್ನೆ: ಕಸಿಯಾಗಿ ಆರನೇ ದಿನ. ಎಡಗೆನ್ನೆ ನಿನ್ನೆಗಿಂತ ಇವತ್ತು ಹೆಚ್ಚು ಕೆಂಪು, ಮುಟ್ಟಿದರೆ ಬಿಸಿ, ಹಕ್ಕಳೆಯ ಕೆಳಗೆ ಹಳದಿ ನೀರು. ರಾತ್ರಿ ಚಳಿಜ್ವರ ಬಂದಿತ್ತು. ಇದೂ ಮಾಮೂಲೇ?
— ಬೆಂಗಳೂರು

ಉತ್ತರ: ಇವರಿಗೆ ಪತ್ರ ಓದಿದ ದಿನವೇ ಫೋನ್ ಮಾಡಿ ಆಸ್ಪತ್ರೆಗೆ ಕಳಿಸಿದೆ. ಇಲ್ಲಿ ಹಾಕುತ್ತಿರುವುದು ಬೇರೆಯವರಿಗಾಗಿ. ಮಾಮೂಲಿ ಕೆಂಪು ಮೊದಲ ಎರಡು ಮೂರು ದಿನ ಏರಿ ಆಮೇಲೆ ಇಳಿಯುತ್ತದೆ, ಎರಡೂ ಕೆನ್ನೆಯಲ್ಲಿ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಇಳಿದದ್ದು ಮತ್ತೆ ಏರಿದರೆ, ಒಂದೇ ಕಡೆ ಹರಡಿದರೆ, ನೋವು ದಿನದಿಂದ ದಿನಕ್ಕೆ ಹೆಚ್ಚಿದರೆ, ಕೀವು, ವಾಸನೆ, ಜ್ವರ ಬಂದರೆ, ಚರ್ಮ ಕಪ್ಪಾಗಿ ಸತ್ತಂತೆ ಕಂಡರೆ ಅದೇ ದಿನ ವೈದ್ಯರನ್ನು ಕಾಣಬೇಕು. ಪತ್ರಿಕೆಗೆ ಬರೆದು ಕಾಯುವ ವಿಷಯವಲ್ಲ.

ಪ್ರಶ್ನೆ: ನನ್ನ ತಮ್ಮ ಗಡ್ಡದ ಕಸಿಗೆ ಮುಂಗಡ ಕೊಟ್ಟು ಬಂದಿದ್ದಾನೆ. ಬೇರೆ ಕಡೆಗಿಂತ ಅರ್ಧ ರೇಟು. ‘ಡಾಕ್ಟರ್ ಯಾರೋ?’ ಅಂತ ಕೇಳಿದರೆ ‘ದೊಡ್ಡ ಟೀಮ್ ಇದೆ ಅಕ್ಕ’ ಅಂತಾನೆ. ಕೆಂಪು ಕಲೆ ಎಲ್ಲ ಆಗದ ಹಾಗೆ ಮಾಡುತ್ತಾರಂತೆ.
— ಉಡುಪಿಯಿಂದ ಒಬ್ಬ ಅಕ್ಕ

ಉತ್ತರ: ಕೆಂಪೇ ಆಗುವುದಿಲ್ಲ ಅಂದವರು ಮೊದಲ ಸುಳ್ಳನ್ನು ಹೇಳಿ ಆಯಿತು. ಯಾರ ಕೈಯಲ್ಲಾದರೂ ಸ್ವಲ್ಪ ಕೆಂಪು ಆಗಿಯೇ ಆಗುತ್ತದೆ. ಅದು ಎಷ್ಟು, ಎಷ್ಟು ದಿನ ಎಂಬುದು ಸೀಳು ಎಷ್ಟು ಸಣ್ಣದು, ಎಷ್ಟು ಒತ್ತೊತ್ತಾಗಿದೆ, ಗ್ರಾಫ್ಟನ್ನು ಎಷ್ಟು ಸಲ ಚಿಮಟದಲ್ಲಿ ಹಿಡಿದು ತುರುಕಿದರು ಎನ್ನುವುದರ ಮೇಲೂ ಇದೆ.

ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಸ್ಪಷ್ಟವಾಗಿ ಹೇಳಿದೆ: ಕೂದಲು ಕಸಿ ಮಾಡಬೇಕಾದವರು ಅದರಲ್ಲಿ ಸರಿಯಾದ ತರಬೇತಿ ಪಡೆದ ನೋಂದಾಯಿತ ವೈದ್ಯರು, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿಯಲ್ಲ. ತಮ್ಮನ ಹತ್ತಿರ ಮೂರು ಪ್ರಶ್ನೆ ಕೇಳಿಸಿ. ಸೀಳು ಹಾಕುವವರು ಯಾರು, ವೈದ್ಯರೋ ಟೆಕ್ನಿಷಿಯನ್ನೋ? ಆ ವೈದ್ಯರು ಕೊನೆಯವರೆಗೂ ಕೋಣೆಯಲ್ಲಿರುತ್ತಾರಾ? ಹದಿನೈದು ದಿನದ ನಂತರ ತೊಂದರೆಯಾದರೆ ನೋಡುವವರು ಯಾರು? ವೈದ್ಯರ ಹೆಸರು ಮತ್ತು ನೋಂದಣಿ ಸಂಖ್ಯೆಯನ್ನು ಕಾಗದದ ಮೇಲೆ ಬರೆಸಿಕೊಳ್ಳಲಿ. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ವಿಚಾರಿಸಿದರೆ ಆ ಹೆಸರು ನಿಜವೋ ಅಲ್ಲವೋ ಗೊತ್ತಾಗುತ್ತದೆ. ಸಂಖ್ಯೆ ಕೊಡಲು ಹಿಂದೇಟು ಹಾಕಿದರೆ ಮುಂಗಡ ಹೋದರೆ ಹೋಗಲಿ, ಅವನನ್ನು ವಾಪಸ್ ಕರೆದುಕೊಂಡು ಬನ್ನಿ.